ಆಟಿಸಂ ಇರೋ ಮಕ್ಕಳಿಗೆ ಕಲಿಸೋ ಟೀಚರ್‌ಗಳ ಸಲುವಾಗಿ ಇರೋ ಅಫರ್ಮ್ ಫ್ರೀ ಕೋರ್ಸ್: ನಮ್ಮ ಬಾಗಲಕೋಟಿ ಸಾಲ್ಯಾಗ ಎಷ್ಟು ನಡೀತೈತಿ

ಮೊದಲ ರೇಟಿಂಗ್ ಹೇಳಿಬಿಡ್ತೀನಿ, 5ಕ್ಕ 4. ಒಂದು ಸ್ಟಾರ್ ಯಾಕ ಕಟ್ ಮಾಡೀನಿ ಅಂತ ಮುಂದ ಹೇಳ್ತೀನಿ, ಆದ್ರ ರೊಕ್ಕ ಕೊಡೂದಿಲ್ಲ ಅನ್ನೋದು ನೋಡಿದ್ರ ಇದಕ್ಕಿಂತ ಚಲೋದು ನಂಗಂತೂ ಸಿಕ್ಕಿಲ್ರಿ.

ಅಫರ್ಮ್ ಅಂದ್ರ ಅಮೆರಿಕಾದ ನಾರ್ತ್ ಕೆರೊಲಿನಾ ಯುನಿವರ್ಸಿಟಿಯ ಫ್ರಾಂಕ್ ಪೋರ್ಟರ್ ಗ್ರಹಾಂ ಇನ್‌ಸ್ಟಿಟ್ಯೂಟ್‌ದವ್ರು ಮಾಡಿರೋ ಆನ್‌ಲೈನ್ ಮಾಡ್ಯೂಲ್‌ಗಳು. ಆಟಿಸಂ ಇರೋ ಮಕ್ಕಳಿಗೆ ಯಾವ ಪದ್ಧತಿ ಖರೇನ ಕೆಲಸ ಮಾಡ್ತಾವು ಅಂತ ರಿಸರ್ಚ್‌ನ್ಯಾಗ ಗಟ್ಟಿ ಆಗೇತಿ, ಅವನ್ನ ಒಂದೊಂದಾಗಿ ಹೆಂಗ ಮಾಡಬೇಕು ಅಂತ ಹಂತ ಹಂತವಾಗಿ ಹೇಳಿಕೊಡ್ತಾರ. ಇಮೇಲ್ ಹಾಕಿ ಅಕೌಂಟ್ ಮಾಡ್ಕೊಂಡ್ರ ಆತು. ಮೊದಲ ಒಂದು ಸಣ್ಣ ಟೆಸ್ಟ್, ಆಮ್ಯಾಗ ಪಾಠ, ಕಡಿಗೆ ಇನ್ನೊಂದು ಟೆಸ್ಟ್, ಪಾಸಾದ್ರ ಸರ್ಟಿಫಿಕೇಟ್. ಒಂದು ಮಾಡ್ಯೂಲಿಗೆ ಎರಡು ಮೂರು ತಾಸು ಹಿಡೀತೈತಿ, ಬಿಟ್ಟು ಬಿಟ್ಟು ಮಾಡಾಕ ಬರ್ತೈತಿ, ಮೊಬೈಲ್‌ನ್ಯಾಗೂ ತೆರೀತೈತಿ ಆದ್ರ ಫಾರಂ ನೋಡಾಕ ದೊಡ್ಡ ಸ್ಕ್ರೀನ್ ಇದ್ರ ಚಲೋ.

ನಾನು ಬಾಗಲಕೋಟಿ ತಾಲೂಕಿನ ಒಂದು ಹಳ್ಳಿ ಸರ್ಕಾರಿ ಸಾಲ್ಯಾಗ ನಲಿ ಕಲಿ ಟೀಚರ್. ಅಂದ್ರ ಒಂದು, ಎರಡು, ಮೂರನೇತ್ತಾ ಹುಡುಗೂರೆಲ್ಲಾ ಒಂದ ಕೋಣ್ಯಾಗ. ಅವರೊಳಗ ಒಬ್ಬವ ಆಟಿಸಂ ಇರೋ ಹುಡುಗ, ಇಲ್ಲಿ ಸಿದ್ದು ಅಂತೀನಿ, ಖರೇ ಹೆಸರಲ್ಲ. ಮಾತು ಕಡಿಮಿ, ಬಸ್ಸಿನ ಬೋರ್ಡ್ ಅಂದ್ರ ಜೀವ, ಸದ್ದಾದ್ರ ಕಿವಿ ಮುಚ್ಚಿಕೊಂಡು ಹೊರಗ ಓಡತಾನ. ಅವನ ಸಲುವಾಗಿ ಈ ಕೋರ್ಸ್ ಹುಡುಕಿದ್ದು.

ಇದಕ್ಕಿಂತ ಮೊದಲ ರೊಕ್ಕ ಕೊಟ್ಟು ಒಂದು ವರ್ಕ್‌ಶಾಪಿಗೆ ಹೋಗಿದ್ದೆ, ಹೆಸರು ಬ್ಯಾಡ. ಮಿದುಳಿನ ಚಿತ್ರ, ಲಕ್ಷಣಗಳ ಪಟ್ಟಿ, ‘ಈ ಮಕ್ಕಳು ದೇವರ ಮಕ್ಕಳು’ ಅಂತ ಒಂದು ಭಾಷಣ, ಊಟ, ಸರ್ಟಿಫಿಕೇಟ್. ಊಟ ಚಲೋ ಇತ್ತು. ಸೋಮವಾರ ಮುಂಜಾನೆ ಸಾಲಿಗೆ ಹೋಗಿ ಏನ್ ಮಾಡ್ಬೇಕು ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ. ಅಫರ್ಮ್‌ದಾಗ ಬರೇ ಅದ ಐತಿ, ಸೋಮವಾರ ಮುಂಜಾನೆ ಏನ್ ಮಾಡ್ಬೇಕು ಅನ್ನೋದು.

ಎವಿಡೆನ್ಸ್ ಬೇಸ್ಡ್, ಅಂದ್ರ ಪುರಾವಿ ಇರೋದು, ಅಂತ ಈಗ ಎಲ್ಲಾ ಸೆಂಟರ್‌ದವ್ರೂ ಬೋರ್ಡ್ ಹಾಕ್ಕೊಂತಾರ, ಹಂಗಾಗಿ ಇವ್ರು ಅದನ್ನ ಹೆಂಗ ಅಳದಾರ ಅಂತ ಸ್ವಲ್ಪ ಹೇಳಬೇಕು. 2020ರಾಗ ಅದ ಯುನಿವರ್ಸಿಟಿಯ ಟೀಮ್ ಒಂದು ದೊಡ್ಡ ರಿಪೋರ್ಟ್ ತಂದ್ರು. 1990ರಿಂದ 2017ರ ತನಕ ಬಂದ ಸಂಶೋಧನೆಯೊಳಗ ಗುಣಮಟ್ಟದ್ದು ಅಂತ ಜರಡಿ ಹಿಡಿದು ಉಳಿದ 972 ಲೇಖನ, ಹುಟ್ಟಿದ ಕೂಸಿನಿಂದ 22 ವರ್ಷದವ್ರ ತನಕ. ಒಂದು ಪದ್ಧತಿ ಲಿಸ್ಟಿನ್ಯಾಗ ಬರಬೇಕಂದ್ರ ಬ್ಯಾರೆ ಬ್ಯಾರೆ ತಂಡದವ್ರು ಮಾಡಿದ ಎರಡು ಚಲೋ ಗುಂಪಿನ ಅಧ್ಯಯನ ಬೇಕು, ಇಲ್ಲಾಂದ್ರ ಒಂದೊಂದ ಮಗುವನ್ನ ಹಿಡದು ಮಾಡೋ ಸಿಂಗಲ್ ಕೇಸ್ ಅಧ್ಯಯನ ಐದು ಬೇಕು, ಅವೂ ಮೂರು ಬ್ಯಾರೆ ತಂಡದ್ದು, ಎಲ್ಲಾ ಕೂಡಿ 20 ಮಕ್ಕಳರ ಇರಬೇಕು, ಇಲ್ಲಾ ಎರಡೂ ಕೂಡಿಸಿ ಲೆಕ್ಕ ಆಗಬೇಕು. ಈ ಜರಡ್ಯಾಗ ಉಳಿದದ್ದು 28 ಪದ್ಧತಿ. ವಿಶುವಲ್ ಸಪೋರ್ಟ್ (ಚಿತ್ರದಂಥ ಕಣ್ಣಿಗೆ ಕಾಣೋ ಆಸರ), ಪ್ರಾಂಪ್ಟಿಂಗ್ (ಮಾಡಾಕ ಸುಳಿವು ಕೊಡೂದು), ರೀಇನ್‌ಫೋರ್ಸ್‌ಮೆಂಟ್ (ಮಾಡಿದಮ್ಯಾಲ ಇಷ್ಟದ್ದು ಕೊಡೂದು), ಟಾಸ್ಕ್ ಅನಾಲಿಸಿಸ್ (ಕೆಲಸಾನ ಸಣ್ಣ ಸಣ್ಣ ಹಂತ ಮಾಡೂದು), ವಿಡಿಯೋ ಮಾಡೆಲಿಂಗ್ (ವಿಡಿಯೋ ತೋರಿಸಿ ಕಲಸೂದು), ಗೆಳೆಯರ ಮೂಲಕ ಕಲಿಸೂದು, ತಂದಿತಾಯಿ ಮಾಡೂದು, ವ್ಯಾಯಾಮ, ಹಿಂಗ. ಸ್ಟೆಮ್ ಸೆಲ್ ಚಿಕಿತ್ಸೆ ಅದರಾಗ ಇಲ್ಲ, ಗೋಧಿ ಹಾಲು ಬಿಡಸೂ ಪಥ್ಯನೂ ಇಲ್ಲ. ಲಕ್ಷಗಟ್ಲೆ ಕೇಳೋ ಕಡಿ ಹೋಗೋ ಮೊದಲ ಪಾಲಕರು ಆ ಲಿಸ್ಟ್ ಒಮ್ಮಿ ನೋಡಬೇಕ್ರಿ, ಅದನ್ನ ನೋಡಾಕ ಲಾಗಿನ್ನೂ ಬೇಕಾಗಿಲ್ಲ.

28 ಅಂದಕೂಡಲೆ ಹೆದರಬ್ಯಾಡ್ರಿ, ಎಲ್ಲಾ ಮಾಡ್ಯೂಲ್ ಮಾಡಾಕ ಕುಂತ್ರ ವರ್ಷ ಮುಗೀತೈತಿ ಹುಡುಗ ಅಲ್ಲೇ ಇರ್ತಾನ. ನನ್ನ ಪ್ರಕಾರ ಮೂರು ಸಾಕು, ವಿಶುವಲ್ ಸಪೋರ್ಟ್, ಫಂಕ್ಷನಲ್ ಬಿಹೇವಿಯರ್ ಅಸೆಸ್‌ಮೆಂಟ್ (ಹುಡುಗ ಹಂಗ ಯಾಕ ಮಾಡ್ತಾನ ಅಂತ ಹುಡುಕೂದು), ಫಂಕ್ಷನಲ್ ಕಮ್ಯುನಿಕೇಶನ್ ಟ್ರೇನಿಂಗ್ (ಅದರ ಬದ್ಲಿ ಕೇಳೂದನ್ನ ಕಲಸೂದು). ಉಳದದ್ದು ಬೇಕಾದಂಗ.

ವಿಶುವಲ್ ಸಪೋರ್ಟ್ ಮಾಡ್ಯೂಲ್ ನಲಿ ಕಲಿ ಟೀಚರ್‌ಗೆ ಭಾಳ ಹಗುರ. ಯಾಕಂದ್ರ ನಾವು ಕಲಿಕಾ ಏಣಿ, ಲೋಗೋ ಇರೋ ಕಾರ್ಡು, ಗ್ವಾಡಿ ಮ್ಯಾಲಿನ ಪ್ರಗತಿ ನೋಟ ಅಂತ ದಿನಾ ಚಿತ್ರದ ಮ್ಯಾಲ ಕ್ಲಾಸ್ ನಡಸೋರು. ಹುಡುಗ ತನ್ನ ಮೆಟ್ಟಿಲು ಯಾವುದು, ಮುಂದಿನ ಕಾರ್ಡ್ ಯಾವುದು ಅಂತ ತಾನ ನೋಡಿ ತಗೀತಾನ. ಅದನ್ನ ಪಾಠಕ್ಕ ಅಷ್ಟ ಬಿಡದ ಇಡೀ ದಿನಕ್ಕ ಹಚ್ಚಬೇಕು ಅನ್ನೋದು ಈ ಮಾಡ್ಯೂಲ್ ಓದಿದ ಮ್ಯಾಲ ಹೊಳೀತು. ಸಿದ್ದುಗೆ ಬಸ್ ಬೋರ್ಡ್ ಇಷ್ಟ ಅಲ್ರೀ, ಹಂಗಾಗಿ ಅವನ ಟೈಮ್‌ಟೇಬಲ್ ಬಸ್ ಬೋರ್ಡ್‌ನಂಗ ಮಾಡಿದ್ವಿ. ಉದ್ದನ ಹಳದಿ ರಟ್ಟು, ಮ್ಯಾಲ ಕಪ್ಪು ಅಕ್ಷರ, ‘ಪ್ರಾರ್ಥನೆ – ಹಾಲು – ಕನ್ನಡ – ಊಟ – ಗಣಿತ – ಆಟ – ಮನಿ’. ಪ್ರತಿಯೊಂದಕ್ಕೂ ಕೆಳಗ ಒಂದು ಚಿತ್ರ, ಮುಗದದ್ದರ ಮ್ಯಾಲ ಅವನ ಕೈಲೆ ಕ್ಲಿಪ್ ಸರಸ್ತಾನ. ಮಾಡ್ಯೂಲ್ ಹೇಳೋ ಒಂದು ಮಾತು ಅಗದಿ ಬರೋಬ್ಬರಿ, ಬೋರ್ಡ್ ತೂಗಹಾಕಿದ್ರ ಕೆಲಸ ಮುಗೀಲಿಲ್ಲ, ಅದನ್ನ ಬಳಸೂದನ್ನ ಬ್ಯಾರೆ ಕಲಸಬೇಕು. ಮೊದಲ ಮೊದಲ ಕೈ ಹಿಡದು ಬೋರ್ಡಿನ ಹತ್ರ ಕರಕೊಂಡು ಹೋಗೂದು, ಆಮ್ಯಾಗ ಬೊಟ್ಟು ತೋರಸೂದು, ಆಮ್ಯಾಗ ಸುಮ್ನ ನಿಂತು ಕಾಯೂದು. ಬಾಯಿಂದ ಭಾಳ ಹೇಳಬಾರದು. ನಮ್ಮಂಥ ಟೀಚರ್‌ಗಳಿಗೆ ಸುಮ್ನಿರೂದ ಕಷ್ಟ.

ಗ್ಯಾದರಿಂಗ್ ದಿನ, ಕಾರಹುಣ್ಣಿವಿ ಮರುದಿನ, ಎಲೆಕ್ಷನ್ ಡ್ಯೂಟಿಗೆ ನಾ ಇಲ್ಲದ ದಿನ, ಇಂಥವಕ್ಕ ‘ಇವತ್ತ ಬ್ಯಾರೆ’ ಅನ್ನೋ ಕೆಂಪು ಕಾರ್ಡ್ ಒಂದು ಇಟ್ಟೀವಿ. ನಾಳೆ ಬದಲಾಗೂದಿದ್ರ ಇವತ್ತ ಸಂಜಿಗೆ ತೋರಸ್ತೀವಿ. ಡಾಲ್ಬಿ ಸದ್ದು ನಿಲ್ಲಸಾಕ ನನ್ನ ಕೈಲೆ ಆಗೂದಿಲ್ಲ, ಆದ್ರ ಡಾಲ್ಬಿ ಬರ್ತೈತಿ ಅಂತ ಮೊದಲ ಹೇಳಾಕಂತೂ ಆಗ್ತೈತಿ.

ಇದ ಯುನಿವರ್ಸಿಟ್ಯಾಗ ಎರಿಕ್ ಶಾಪ್ಲರ್ ಅನ್ನೋರು 1972ರಾಗ ಟೀಚ್ ಅನ್ನೋ ಕಾರ್ಯಕ್ರಮ ಸುರು ಮಾಡಿದ್ರು, ಕೋಣಿ ಜೋಡಸೂದು, ಚಿತ್ರದ ವೇಳಾಪಟ್ಟಿ, ಎಲ್ಲಿ ಸುರು ಎಲ್ಲಿ ಮುಗೀತು ಅಂತ ಕಣ್ಣಿಗೆ ಕಾಣೂವಂಗ ಕೆಲಸ ಇಡೂದು, ಇವೆಲ್ಲಾ ಅಲ್ಲಿಂದ ಭಾಳ ಬೆಳದಾವು. ಹಂಗಾಗಿ ಈ ಮಾಡ್ಯೂಲ್‌ನ್ಯಾಗ ಕೈ ಪಳಗಿದ್ದು ಗೊತ್ತಾಗ್ತೈತಿ.

ಈಗ ಬಿಹೇವಿಯರ್ ಅಸೆಸ್‌ಮೆಂಟ್. ನನ್ನ ಲೆಕ್ಕದಾಗ ಇಡೀ ಕೋರ್ಸಿನ ಹುರುಳು ಇಲ್ಲೇ ಐತಿ. ಹುಡುಗ ಚೀರಿದ, ಓಡಿದ, ಕಡದ ಅಂದ್ರ ನಮ್ಮ ಸ್ಟಾಫ್ ರೂಮಿನ್ಯಾಗ ಬರೋ ಮಾತು ಎರಡ, ‘ಹಠಮಾರಿ’ ಇಲ್ಲಾ ‘ಪಾಪ, ಅವಂಗ ತಿಳೂದಿಲ್ಲ’. ಮಾಡ್ಯೂಲ್ ಎರಡನ್ನೂ ಬಿಟ್ಟು, ಬರೀರಿ ಅಂತೈತಿ. ಅದಕ್ಕಿಂತ ಮೊದಲ ಏನಾತು, ಅವ ಏನ್ ಮಾಡಿದ, ಆದಮ್ಯಾಲ ಏನಾತು. ಮೂರು ಕಾಲಮ್, ಜೊತಿಗೆ ಟೈಮು. ನಾನು ಹಾಜರಿ ಪುಸ್ತಕದ ಹಿಂದ ಒಂದು ಹಾಳಿ ಇಟ್ಕೊಂಡು ಬರದೆ. ಸಾಲ್ಯಾಗ ಎಲ್ಲಾರೂ ಅಂದ್ಕೊಂಡಿದ್ದು ಘಂಟಿ ಸದ್ದಿಗೆ ಓಡತಾನ ಅಂತ. ಹಾಳಿ ಮ್ಯಾಲ ಬ್ಯಾರೆನ ಬಂತು. ಘಂಟಿ ಆದ್ರ ಕಿವಿ ಮುಚ್ತಿದ್ದ ಅಷ್ಟ, ಓಡತಿದ್ದದ್ದು ಊಟದ ಪಾಳಿಗೆ, ಸ್ಟೀಲ್ ತಾಟು ಒಂದಕ್ಕೊಂದು ಬಡದಾಗ, ಹಿಂದಿನ ಹುಡುಗೂರು ಮೈಮ್ಯಾಲ ಬಿದ್ದಾಗ. ಓಡಿದ ಮ್ಯಾಲ ಏನಾಗ್ತಿತ್ತು, ಯಾರರ ಹೋಗಿ ಅವನ್ನ ಬೇವಿನ ಗಿಡದ ಬುಡಕ ಕುಂದರಸಿ ಅಲ್ಲೇ ತಾಟು ತಂದು ಕೊಡತಿದ್ರು. ಅಂದ್ರ ಓಡೂದು ಅವಂಗ ಬರೋಬ್ಬರಿ ಕೆಲಸ ಮಾಡ್ತಿತ್ತು ಅಲ್ರೀ, ಸದ್ದಿನಿಂದ ತಪ್ಪಿಸಿಕೊಳ್ಳಾಕ ಅವನ ಕಡಿ ಇದ್ದದ್ದು ಅದೊಂದ ದಾರಿ.

ಹಿಂಗ ತಿಳದಮ್ಯಾಲ ಮುಂದಿನದು ಸೀದಾ. ಅಡಗಿ ಮಾಡೋ ಅಕ್ಕಾರಿಗೆ ಹೇಳಿ ಸಿದ್ದುಗೆ ಪಾಳಿ ಸುರು ಆಗೋ ಮೊದಲ ಬಡಸೂದು ಅಂತ ಮಾಡಿದ್ವಿ, ಜೊತಿಗೆ ಒಬ್ಬ ಗೆಳೆಯನ್ನ ಕಳಸ್ತೀವಿ. ಇದಕ್ಕ ಅವ್ರ ಲಿಸ್ಟಿನ್ಯಾಗ ಆಂಟಿಸಿಡೆಂಟ್ ಬೇಸ್ಡ್, ಅಂದ್ರ ಆಗೋ ಮೊದಲಿನ ಸಂದರ್ಭಾನ ಬದಲಸೂದು, ಅಂತ ದೊಡ್ಡ ಹೆಸರು ಐತಿ, ಆದ್ರ ಮಾಡಾಕ ಒಂದು ರೂಪಾಯಿ ಹತ್ತಲಿಲ್ಲ. ಅದರ ಜೊತಿಗೆ ಕೊರಳಾಗ ಒಂದು ಕಾರ್ಡ್, ‘ಹೊರಗ ಹೋಗ್ಲಿ?’ ಅಂತ ಚಿತ್ರ. ಇದು ಫಂಕ್ಷನಲ್ ಕಮ್ಯುನಿಕೇಶನ್. ಓಡೋ ಬದ್ಲಿ ಕಾರ್ಡ್ ಕೊಡೂದು ಕಲಸೂದು, ಕಾರ್ಡ್ ಕೊಟ್ರ ಸುರುವಿನ್ಯಾಗ ಪ್ರತಿ ಸಲ, ತಕ್ಷಣ, ಹೊರಗ ಬಿಡಬೇಕು. ಇಲ್ಲೇ ನಮ್ಮ ಹೆಡ್ ಮಾಸ್ತರಿಗೂ ನನಗೂ ಹತ್ತಿತು. ‘ಬಾಯಾರ, ಹಿಂಗ ಕೇಳಿದಾಗೆಲ್ಲ ಬಿಟ್ರ ಅವ ಕ್ಲಾಸಿನ್ಯಾಗ ಕುಂದ್ರೂದ್ಯಾವಾಗ್ರಿ?’ ಅಂದ್ರು. ಪ್ರಶ್ನೆ ಬರೋಬ್ಬರಿನ ಐತಿ. ಉತ್ತರ ಮಾಡ್ಯೂಲಿನ್ಯಾಗ ಐತಿ, ಮೊದಲ ಕಾರ್ಡ್ ಕೆಲಸ ಮಾಡ್ತೈತಿ ಅಂತ ಅವಂಗ ನಂಬಿಕಿ ಬರಬೇಕು, ಕಾರ್ಡ್ ಓಡೂದಕ್ಕಿಂತ ಸಸಾರ ಆಗಬೇಕು, ಆಮ್ಯಾಗ ‘ಇದೊಂದು ಲೆಕ್ಕ ಮುಗಸಿ ಹೋಗು’ ಅಂತ ಸ್ವಲ್ಪ ಸ್ವಲ್ಪ ಕಾಯೂದು ಹೆಚ್ಚಿಗಿ ಮಾಡಬೇಕು. ಪ್ರಿಂಟ್ ತಗದು ಆ ಹಾಳಿ ಅವರ ಟೇಬಲ್ ಮ್ಯಾಲ ಇಟ್ಟೆ. ಈಗ ಅವರ ಬ್ಯಾರೆ ಟೀಚರ್‌ಗಳಿಗೆ ಹೇಳ್ತಾರ. ಓಡೂದು ಪೂರ್ತಿ ನಿಂತೈತಿ ಅಂತಲ್ಲ, ಗುರುವಾರ ಸಂತಿ ಮೈಕ್ ಹತ್ತಿದ್ರ ಇವತ್ತಿಗೂ ಓಡತಾನ. ಆದ್ರ ಊಟದ ಟೈಮಿಗೆ ಈಗ ಕಾರ್ಡ್ ಕೈಯಾಗ ಬರ್ತೈತಿ.

ರೀಇನ್‌ಫೋರ್ಸ್‌ಮೆಂಟ್ ಮಾಡ್ಯೂಲಿನ್ಯಾಗ ಹೊಸಾದು ಕಡಿಮಿ, ಆದ್ರ ಒಂದು ವಿಷಯ ಗಟ್ಟಿ ಹಿಡಕೊಳ್ಳೂವಂಥದ್ದು. ಹುಡುಗಂಗ ಏನ್ ಇಷ್ಟ ಅಂತ ನಾವ ಅಂದಾಜು ಹಾಕಬಾರದು, ಮುಂದ ನಾಕೈದು ಇಟ್ಟು ಅವ ಯಾವುದು ತಗೋತಾನ ನೋಡಬೇಕು. ಎಲ್ಲಾರಿಗೂ ಚಿಕ್ಕಿ ಕೊಟ್ಟಂಗ ಇವಂಗೂ ಚಿಕ್ಕಿ ಕೊಟ್ರ ಮೂಸಿ ನೋಡಿ ಇಟ್ಟಬಿಡ್ತಾನ, ಬಾಗಲಕೋಟಿ–ಇಳಕಲ್ ಅಂತ ಬರದ ರಟ್ಟು ಕೊಡ್ರಿ, ಪೂರಾ ಪುಟ ಬರೀತಾನ.

ವಿಡಿಯೋ ಮಾಡೆಲಿಂಗ್ ಅಗದಿ ಸಸ್ತಾ ಮತ್ತ ಮಜಾ. ಅವನ ಕ್ಲಾಸ್‌ಮೇಟ್ ತಾಟು ತೊಳದು ಬೋರಲು ಹಾಕೂದನ್ನ ಮೊಬೈಲ್‌ನ್ಯಾಗ ಹಿಡದು, ಊಟಕ್ಕ ಮೊದಲ ತೋರಿಸಿ ಕಳಸೂದು. ವಿಡಿಯೋದಾಗ ಆ ಹುಡುಗ ನಗಾಡಿ ಮಾಡಿದ್ದನ್ನೂ ಸಿದ್ದು ಹಂಗ ನಗಾಡತಾನ. ಇದಕ್ಕ ಮಾತ್ರ ಪಾಲಕರ ಪರವಾನಗಿ ತಗೋರಿ, ಇಬ್ಬರ ಮನ್ಯಾಗೂ.

ಈಗ ಕಟ್ ಮಾಡಿದ ಸ್ಟಾರ್ ಬಗ್ಗೆ. ಒಂದು, ಪೂರ್ತಿ ಇಂಗ್ಲಿಷ್. ಇಂಗ್ಲಿಷ್ ಸರಳ ಐತಿ, ಆದ್ರೂ ನಮ್ಮ ಬ್ಲಾಕಿನ ಎಷ್ಟೋ ಹಿರಿ ಟೀಚರ್‌ಗಳಿಗೆ ಎರಡು ತಾಸು ಇಂಗ್ಲಿಷ್ ಸ್ಕ್ರೀನ್ ಅಂದ್ರ ಆಗೂದಿಲ್ಲ. ಎರಡು, ಉದಾಹರಣೆಗಳು ಅಮೆರಿಕಾದ ಕ್ಲಾಸಿನವು, ಹುಡುಗೂರು ಕಡಿಮಿ, ಟೀಚರ್ ಜೊತಿಗೆ ಒಬ್ಬ ಸಹಾಯಕ ಇರ್ತಾನ, ಆ ಸಹಾಯಕರಿಗೂ ಬ್ಯಾರೆ ಮಾಡ್ಯೂಲ್ ಐತಿ. ನಮ್ಮಲ್ಲಿ ಸಹಾಯಕ ಎಲ್ಲಿಂದ ಬರಬೇಕು. ಪೆಕ್ಸ್ ಅನ್ನೋ ಚಿತ್ರ ಕೊಟ್ಟು ಕೇಳೋ ಪದ್ಧತಿ ನೋಡ್ರಿ, ಬಾಂಡಿ ಮತ್ತ ಫ್ರಾಸ್ಟ್ ಅನ್ನೋರು 1985ರಾಗ ಮಾಡಿದ್ದು, ಈಗ ಎಎಸಿ (ಮಾತಿನ ಬದ್ಲಿ ಇಲ್ಲಾ ಮಾತಿನ ಜೊತಿಗೆ ಚಿತ್ರ, ಸನ್ನಿಯಿಂದ ತಿಳಸೋ ದಾರಿಗಳು) ಒಳಗ ಬರ್ತೈತಿ, ಅದರ ಮೊದಲ ಹಂತಕ್ಕ ಇಬ್ಬರು ದೊಡ್ಡವ್ರು ಬೇಕು, ಒಬ್ಬರು ಮುಂದ ಕುಂತು ಚಿತ್ರ ಇಸ್ಕೊಳ್ಳಾಕ, ಇನ್ನೊಬ್ಬರು ಹಿಂದ ಕುಂತು ಮಾತಾಡದ ಅವನ ಕೈ ಹಿಡದು ಕೊಡಸಾಕ. ನಾನು ಅದನ್ನ ಬಿಐಇಆರ್‌ಟಿ (ಇಂಥ ಮಕ್ಕಳ ಸಲುವಾಗಿ ಬ್ಲಾಕಿಗೆ ಇರೋ ವಿಶೇಷ ಟೀಚರ್) ಮೇಡಂ ಬಂದ ದಿನ ಇಟ್ಕೊಂಡೆ, ಉಳದ ದಿನ ಸಿದ್ದುನ ಅವ್ವ ಬಂದು ಹಿಂದ ಕುಂದ್ರತಿದ್ರು. ಅವ್ರ ಕೂಲಿ ಹೋಗ್ತೈತಿ ಅನ್ನೋ ಸಂಕಟ ನಂಗಿತ್ತು, ಆದ್ರ ಅದ ಕಾರ್ಡ್ ಮನ್ಯಾಗೂ ಸುರು ಆಗೂದಕ್ಕ ಅದರಿಂದನ ದಾರಿ ಆತು.

ಇನ್ನೊಂದು ತಕರಾರು ಕೋರ್ಸಿನ ಮ್ಯಾಲ ಅಲ್ಲ, ಅದನ್ನ ಅರ್ಧ ಓದಿ ಬಳಸೋರ ಮ್ಯಾಲ. ಲಿಸ್ಟಿನ್ಯಾಗ ಎಕ್ಸ್‌ಟಿಂಕ್ಷನ್ ಅಂತ ಒಂದೈತಿ, ಆ ನಡವಳಿಕಿಯಿಂದ ಸಿಗತಿದ್ದದ್ದನ್ನ ಸಿಗದಂಗ ಮಾಡೂದು. ಬರೇ ಅದೊಂದ ಹಿಡಕೊಂಡು ‘ಚೀರ್ಲಿ ಬಿಡ್ರಿ, ನೋಡಬ್ಯಾಡ್ರಿ’ ಅಂತ ಕುಂತ್ರ ಮೊದಲ ಚೀರೂದು ಇನ್ನೂ ಜಾಸ್ತಿ ಆಗ್ತೈತಿ, ಜೊತಿಗೆ ಬದಲಿ ದಾರಿ ಕಲಸದಿದ್ರ ಹುಡುಗಗೂ ಅನ್ಯಾಯ. ಹಂಗ ಕೈ ಅಲುಗಾಡಸೂದನ್ನ ನಿಲ್ಲಸೂದು, ಗದ್ದ ಹಿಡದು ‘ನನ್ನ ಕಣ್ಣ ನೋಡು’ ಅನ್ನೂದು, ಇವನ್ನ ನಾ ಒಪ್ಪೂದಿಲ್ಲ. ಸಿದ್ದು ಖುಷಿ ಆದ್ರ ಎರಡೂ ಕೈ ಪಟಪಟ ಬಡೀತಾನ, ಯಾರಿಗೂ ಏಟಿಲ್ಲ, ಲೆಕ್ಕಕ್ಕೂ ಅಡ್ಡಿ ಇಲ್ಲ, ಅದನ್ನ ಯಾಕ ತಡೀಬೇಕು? ಆಟಿಸಂ ಇದ್ದು ದೊಡ್ಡವರಾದವ್ರು ಎಷ್ಟೋ ಮಂದಿ ಇದನ್ನ ಹೇಳಿಕೊಂತ ಬಂದಾರ, ಸಣ್ಣವರಿದ್ದಾಗ ನಮ್ಮನ್ನ ಬ್ಯಾರೆಯವರಂಗ ಕಾಣೂವಂಗ ಮಾಡಾಕ ಹೋಗಿ ಬ್ಯಾನಿ ಕೊಟ್ರು ಅಂತ. ಪದ್ಧತಿಗೆ ಪುರಾವಿ ಐತಿ ಅಂದ್ರ ಏನ್ ಕಲಸಬೇಕು ಅನ್ನೋದಕ್ಕೂ ಪುರಾವಿ ಐತಿ ಅಂತಲ್ಲ, ಅದನ್ನ ನಾವು, ಪಾಲಕರು, ಸಾಧ್ಯ ಆದ್ರ ಆ ಹುಡುಗನೂ ಕೂಡಿ ಠರಾವು ಮಾಡಬೇಕು.

ಪಾಲಕರಿಗೆ ಒಂದು ಮಾತು. ಈ ಕೋರ್ಸ್ ಮಾಡಿದ ಟೀಚರ್ ಡಾಕ್ಟರ್ ಅಲ್ಲ. ನಮ್ಮ ದೇಶದಾಗ ಆಟಿಸಂ ಸರ್ಟಿಫಿಕೇಟಿಗೆ ಇಸ್ಸಾ ಅಂತ 40 ಪ್ರಶ್ನೆಯ ಮಾಪನ ಬಳಸ್ತಾರ, ಅದನ್ನ ತಿಳದವ್ರ ಮಾಡಬೇಕು, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೂ ಅದ ದಾರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧದಾಗ ಆಟಿಸಂ ಐತಿ, ಅಂಗವಿಕಲತೆ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿಗಿ ಅಂತ ಆದ್ರ 6ರಿಂದ 18 ವರ್ಷದ ತನಕ ಪುಕ್ಕಟ ಶಿಕ್ಷಣದ ಹಕ್ಕು. ಅಡ್ಮಿಶನ್ ಇಲ್ಲ ಅಂತ ವಾಪಸ್ ಕಳಸೋ ಸಾಲಿಗೆ ಈ ಕಾಯ್ದೆ ಹೆಸರು ಹೇಳ್ರಿ, ಬಿಇಒ ಆಫೀಸಿಗೆ ಬರವಣಿಗಿಲೆ ಕೊಡ್ರಿ.

ಕೋರ್ಸಿನ ಖರೇ ಮಾಲು ವಿಡಿಯೋ ಅಲ್ಲ, ಪ್ರತಿ ಪದ್ಧತಿಗೂ ಒಂದು ಪಿಡಿಎಫ್ ಗಂಟು ಕೊಡ್ತಾರ, ಅದು. ಅದರಾಗ ಹಂತ ಹಂತದ ಗೈಡು, ನೀವು ಎಲ್ಲಾ ಹಂತ ಮಾಡಿದ್ರೋ ಇಲ್ಲೋ ಅಂತ ಟಿಕ್ ಹಾಕೋ ಚೆಕ್‌ಲಿಸ್ಟು, ಹುಡುಗನ ಪ್ರಗತಿ ಬರಿಯೋ ಹಾಳಿ, ಪಾಲಕರಿಗೆ ಸಣ್ಣ ಕೈಪಿಡಿ. ಚೆಕ್‌ಲಿಸ್ಟ್ ಯಾಕ ಮುಖ್ಯ ಅಂದ್ರ, ‘ಇದು ನಮ್ಮ ಹುಡುಗಂಗ ಆಗಲಿಲ್ರಿ’ ಅಂತ ಬಿಡೋ ಮೊದಲ ನಾವು ಬರೋಬ್ಬರಿ ಮಾಡೀವೋ ಇಲ್ಲೋ ಅನ್ನೋದು ಗೊತ್ತಾಗ್ತೈತಿ. ಅರ್ಧಾ ಸಲ ಪದ್ಧತಿ ಸೋತಿರೂದಿಲ್ಲ, ಮೂರನೇ ಹಂತ ಬಿಟ್ಟುಹೋಗಿರ್ತೈತಿ. ಟೈಮ್ ಇಲ್ಲದವ್ರು ಮಾಡ್ಯೂಲ್ ಬಿಟ್ಟು ಈ ಗಂಟನ್ನಷ್ಟ ಓದಿದ್ರೂ ನಡೀತೈತಿ. ಪೂರ್ತಿ ಪ್ರಿಂಟ್ ಹಾಕಸಬ್ಯಾಡ್ರಿ, ನವನಗರದ ಝೆರಾಕ್ಸ್ ಅಂಗಡಿಯವಂಗ ಅಷ್ಟ ಲಾಭ, ಗೈಡು, ಚೆಕ್‌ಲಿಸ್ಟು, ಪ್ರಗತಿ ಹಾಳಿ ಇಷ್ಟ ಸಾಕು.

ನಾನೂ ಬಿಐಇಆರ್‌ಟಿ ಮೇಡಂನೂ ಕೂಡಿ ಮೂರು ಚೆಕ್‌ಲಿಸ್ಟ್ ಕನ್ನಡದಾಗ ಕೈಲೆ ಬರಕೊಂಡೀವಿ, ನಮ್ಮ ಕ್ಲಸ್ಟರಿನ ಟೀಚರ್‌ಗಳು ಕೇಳಿದ್ರ ಫೋಟೋ ಕಳಸ್ತೀನಿ. ಅವು ನಲಿ ಕಲಿ ಮಟ್ಟಕ್ಕ ಅದಾವು. ನಲಿ ಕಲಿಯೊಳಗ ಗೆಳೆಯರ ಸಹಾಯದ ತಟ್ಟಿ (ಗುಂಪು) ಹೆಂಗೂ ಐತಿ ಅಂತ ಈಗ ಪೀರ್ ಬೇಸ್ಡ್ (ಗೆಳೆಯರ ಮೂಲಕ ಕಲಿಸೋ) ಮಾಡ್ಯೂಲ್ ಹಿಡದೀನಿ, ಯಾವ ಹುಡುಗನ್ನ ಸಿದ್ದು ಜೋಡಿ ಕುಂದರಸಬೇಕು, ಅವಂಗ ಏನ್ ಹೇಳಿಕೊಡಬೇಕು ಅನ್ನೋದು ಅದರಾಗ ಚಲೋ ಬಿಡಿಸಿ ಹೇಳ್ಯಾರ. ಸಿದ್ದು ಮುಂದಿನ ವರ್ಷ ನಾಕನೇತ್ತಾ ಹೋಗ್ತಾನ, ಅಲ್ಲಿ ಪಿರಿಯಡ್‌ಗೊಬ್ಬರು ಟೀಚರ್. ಹುನಗುಂದ, ಬಾದಾಮಿ, ಜಮಖಂಡಿ ಕಡಿ ಯಾರರ ಮ್ಯಾಲಿನ ಕ್ಲಾಸಿಗೆ ಇವನ್ನ ಹೊಂದಿಸಿ ಬರಕೊಂಡಿದ್ರ ನಮಗೂ ಕಳಸ್ರಿ, ಏಪ್ರಿಲ್ ರಜಾ ಬರೋ ಮೊದಲ ಸಿಕ್ರ ಅವನ ಹೊಸ ಟೀಚರ್‌ಗೆ ಕೊಟ್ಟು ಕುಂತು ತಿಳಿಸಿ ಹೇಳ್ತೀನಿ.